ಸೊಸೆ ಕುಟ್ಟಿದ ಸದ್ದು

ಆ ಬೀದಿಯಲ್ಲಿ ಮುಖ ನೋಡಿ ಗುರುತು ಹಿಡಿಯುವ ಪದ್ಧತಿಯೇ ಇರಲಿಲ್ಲ. ಏಳು ಅಂಗಡಿ, ಏಳು ಅಡಿಗಲ್ಲು, ಏಳು ಸುತ್ತಿಗೆ. ತಾಮ್ರದ ತಗಡಿನ ಮೇಲೆ ಬೀಳುವ ಪೆಟ್ಟು ಕೇಳಿದರೆ ಸಾಕು, ಯಾರು ಎದ್ದಿದ್ದಾರೆ, ಯಾರು ಹೆಂಡತಿಯ ಹತ್ತಿರ ಬೈಸಿಕೊಂಡು ಬಂದು ಕೂತಿದ್ದಾರೆ, ಯಾರಿಗೆ ಬೆಳಗಿನ ಚಹಾ ಇನ್ನೂ ಸಿಕ್ಕಿಲ್ಲ ಎಂಬುದೆಲ್ಲ ತಿಳಿದುಹೋಗುತ್ತಿತ್ತು. ಎದುರಂಗಡಿಯ ದೊಡ್ಡಮಾವನದು ಟಣ್-ಟಣ್-ಟಣ್-ಟಣ್, ಮನೆ ಖಾಲಿ ಮಾಡಿ ಎಂದು ಬಾಗಿಲು ಬಡಿಯುವ ಯಜಮಾನನ ಹಾಗೆ. ಮೂಲೆಯಂಗಡಿಯ ಮೀಸೆಯವರದು ಟಣ್, ಆಮೇಲೆ ಮೀಸೆಯ ಎರಡೂ ತುದಿ ತಿರುವುವಷ್ಟು ಬಿಡುವು, ಆಮೇಲೆ ಇನ್ನೊಂದು ಟಣ್. ಕಲಾಯಿ ಅಜ್ಜನದು ಕೋಳಿ ಕಾಳು ಹೆಕ್ಕಿದಂತೆ ಟಿಕಿಟಿಕಿ ಟಿಕಿಟಿಕಿ.

ನಮ್ಮ ಕಥೆಯ ಸೊಸೆಯ ಮಾವನದು ಮಾತ್ರ ಮೂರು ಭಾರಿ ಪೆಟ್ಟು, ಕೊನೆಗೆ ಬರಿಯ ಅಡಿಗಲ್ಲಿನ ಮೇಲೊಂದು ಪುಟ್ಟ ಪೆಟ್ಟು. ಢಣ್, ಢಣ್, ಢಣ್, ಟಿಂ. ಆ ಟಿಂ ಯಾಕೆ ಎಂದು ಕೇಳಿದರೆ ಕೈಗೆ ಉಸಿರಾಡೋಕೆ ಬಿಡುವು ಬೇಡವೇ ಎನ್ನುತ್ತಿದ್ದರು ಮಾವ. ಅದು ಅವರ ಬಿಕ್ಕಳಿಕೆ, ಕೈಗಿಳಿದಿದೆ ಎನ್ನುತ್ತಿದ್ದರು ಅತ್ತೆ.

ಊರಿನವರು ಇವರನ್ನು ಕಂಚುಗಾರರು ಎನ್ನುತ್ತಿದ್ದರು. ಪುರಸಭೆಯ ಪಟ್ಟಿಯಲ್ಲಿ ಇವರು 'ಲೋಹ ಕಾರ್ಮಿಕರು'. ಓದಿದವರ ಬಾಯಲ್ಲಿ ತಾಮ್ರಗಾರರು. ಬೀದಿಯವರಿಗೆ ಈ ಮೂರೂ ಬೈಗುಳಕ್ಕೆ ಸಮ. ಕಂಚನ್ನು ಕರಗಿಸಿ ಹೊಯ್ದು ಕೈಕಟ್ಟಿ ಕೂತರೆ ಆಯಿತು, ಚೆಂಬನ್ನು ಒಂದೊಂದೇ ಪೆಟ್ಟಿನಿಂದ ಮಾತಾಡಿಸಿ, ರಮಿಸಿ, ಹೆದರಿಸಿ ಕರೆತರಬೇಕು ಎಂಬುದು ಮಾವನ ಸಿದ್ಧಾಂತ. ತಮ್ಮನ್ನು ತಾವು ಅವರು ಕರೆದುಕೊಳ್ಳುತ್ತಿದ್ದುದು ಒಂದೇ ಹೆಸರಿನಿಂದ: ಚೆಂಬುಕುಟಿಗ. ಪ್ರತಿ ಅಂಗಡಿಯ ಬಾಗಿಲ ಮೇಲೂ ಅಂಗೈ ಅಗಲದ ತಾಮ್ರದ ಪಟ್ಟಿಯೊಂದರಲ್ಲಿ ಆ ಪದವನ್ನು ಉಳಿಯಿಂದ ಕೊರೆದಿದ್ದರು.

ಆ ಪಟ್ಟಿ ಸುಮ್ಮನೆ ಸಿಗುವಂಥದ್ದಲ್ಲ. ಬೀದಿಯ ಮೂವರು ಹಿರಿಯರು ಗೋಡೆಗೆ ಮುಖ ಮಾಡಿ ಕೂರಬೇಕು. ಬೆನ್ನ ಹಿಂದೆ ಕೆಲಸಗಾರ ಬೆಳಗಿನಿಂದ ಸಂಜೆಯೊಳಗೆ ಚಪ್ಪಟೆ ತಗಡಿನಿಂದ ಒಂದು ಚೆಂಬು ಎಬ್ಬಿಸಬೇಕು. ಕೇಳಿದ ಮೂವರೂ 'ಈ ಸದ್ದು ಬೇರೆ ಯಾರದೂ ಅಲ್ಲ' ಎಂದರೆ ಪಟ್ಟಿ ಅವನದು. ಕಾರಣ ಸರಳ. ಪೆಟ್ಟು ಹೇಗೋ ಪಾತ್ರೆಯ ಮೈಮೇಲಿನ ಗುರುತೂ ಹಾಗೆ. ಒಂದೇ ಸದ್ದು ಇಬ್ಬರಿಗಿದ್ದರೆ ಸೋರುವ ಹಂಡೆಯ ಬೈಗುಳ ಯಾರ ಮನೆಗೆ ಹೋಗಬೇಕು? ಇನ್ನೊಂದು ನಿಯಮವೂ ಇತ್ತು. ಅಂಗಡಿಯೊಂದರ ಸುತ್ತಿಗೆ ಒಂದು ತಿಂಗಳು ಸುಮ್ಮನಾದರೆ ಪಟ್ಟಿ ಕೆಳಗಿಳಿಯುತ್ತಿತ್ತು, ಕುಲುಮೆ ತಣ್ಣಗಾಗುತ್ತಿತ್ತು, ಗಿರಾಕಿಗಳು ಉಳಿದವರಿಗೆ ಹಂಚಿಹೋಗುತ್ತಿದ್ದರು.

ಸೊಸೆ ಈ ಮನೆಗೆ ಬಂದು ಮೂರು ವರ್ಷ. ಬಂದ ಮೊದಲ ವಾರವೇ ಅವಳು ಅಡುಗೆಮನೆಯಲ್ಲಿ ಸೌಟು ಹಿಡಿದು, ಮಗುಚಿಟ್ಟ ಪಾತ್ರೆಯ ಮೇಲೆ ಏಳೂ ಅಂಗಡಿಗಳನ್ನು ಒಂದಾದ ಮೇಲೊಂದು ತೆರೆದು ಮುಚ್ಚಿಬಿಟ್ಟಿದ್ದಳು. ಅಣಕ ಅವಳಿಗೆ ನೆಗಡಿಯ ಹಾಗೆ, ಬೇಡವೆಂದರೂ ಅಂಟಿಕೊಳ್ಳುತ್ತಿತ್ತು. ಬಾಗಿಲ ಮರೆಯಿಂದ ಅತ್ತೆಯ ಕೆಮ್ಮು ಕೆಮ್ಮಿ ಮಾವನ ಕೈಯ ಸಿಗರೇಟನ್ನು ಮೂರು ಸಲ ನೀರಿನ ತೊಟ್ಟಿಗೆ ಹಾಕಿಸಿದ್ದಳು. ನಾಲ್ಕನೆಯ ಸಲ ಅಸಲಿ ಅತ್ತೆಯೇ ಬಂದು ಕೆಮ್ಮಿದಾಗ ಮಾವ ತಿರುಗಿಯೂ ನೋಡದೆ ಹೋಗೇ, ಗೊತ್ತು ನಿನ್ನಾಟ ಎಂದು ಹೊಗೆ ಬಿಟ್ಟರು. ಎರಡು ದಿನ ಆ ಮನೆಯಲ್ಲಿ ಗಡಿಯಾರ ಮಾತ್ರ ಮಾತಾಡಿತು. ಅವಳ ಗಂಡ ನೀರಿನ ಮೀಟರು ಓದುವ ನೌಕರ. ಹುಟ್ಟಿದಾಗಿನಿಂದ ಈ ಸದ್ದು ಕೇಳಿ ಕೇಳಿ, ಸದ್ದೇ ಇಲ್ಲದ ಉದ್ಯೋಗ ಯಾವುದೆಂದು ಹುಡುಕಿ ಹುಡುಕಿ ಸೇರಿದ್ದ.

ಕುಟ್ಟುವುದರಲ್ಲಿ ಮಾವ ಎತ್ತಿದ ಕೈ. ಕಳೆದ ವರ್ಷ ಒಂದು ಬೆಳಿಗ್ಗೆ ಆ ಎತ್ತಿದ ಕೈ ಇಳಿಯಲೇ ಇಲ್ಲ. ಭುಜ ಹಿಡಿದುಕೊಂಡು, ಸುತ್ತಿಗೆ ಸಮೇತ, ಟ್ರಾಫಿಕ್ ಪೊಲೀಸಿನವನಂತೆ ಕೂತುಬಿಟ್ಟರು. ಒಂದು ವರ್ಷ ಸುತ್ತಿಗೆ ಮುಟ್ಟಕೂಡದು ಎಂದರು ಡಾಕ್ಟರು. ಅಂಗಡಿ ಸುಮ್ಮನಾಯಿತು. ಇಪ್ಪತ್ತೇಳನೆಯ ದಿನ ಎದುರಂಗಡಿಯ ದೊಡ್ಡಮಾವ, ಅಂದರೆ ಮಾವನ ದೊಡ್ಡಪ್ಪನ ಮಗ, ಬೀದಿಯ ಹಿರಿಯ, ಏಣಿ ಯಾರ ಮನೆಯಲ್ಲಿದೆ ಎಂದು ಮೂರು ಜನರ ಹತ್ತಿರ ಕೇಳಿದ ಸುದ್ದಿ ಬಂತು.

ಇಪ್ಪತ್ತೆಂಟನೆಯ ದಿನ ಸೊಸೆ ಅಂಗಡಿಗೆ ಹೋಗಿ, ಬಾಗಿಲು ಓರೆ ಮಾಡಿ, ಒಂದು ಹಳೆಯ ತಗಡಿನ ತುಂಡು ಎಳೆದುಕೊಂಡು ಕೂತಳು. ಢಣ್, ಢಣ್, ಢಣ್, ಟಿಂ. ಒಳಗೆ ಮಲಗಿದ್ದ ಮಾವ ದಡಬಡಿಸಿ ಎದ್ದು, ತಾನು ಹಾಸಿಗೆಯಲ್ಲೇ ಇದ್ದೇನೆಯೇ ಎಂದು ಭುಜ ಮುಟ್ಟಿ ನೋಡಿಕೊಂಡರು. ಎದುರಂಗಡಿಯ ಟಣ್-ಟಣ್ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾದಾಗ ಅದರಲ್ಲಿ ಹಲ್ಲು ಕಡಿದ ಸದ್ದೂ ಸೇರಿತ್ತು.

ಮಾವನ ಭುಜ ನೆಟ್ಟಗಾಯಿತೆಂದು ಬೀದಿ ನಂಬಿತು. ಎರಡು ವಾರ ಅದು ಬರಿಯ ಸದ್ದು. ಸುಮ್ಮನೆ ತೋಳು ನೋಯಿಸಿಕೊಳ್ಳುವ ಬದಲು ಒಂದು ಪಾತ್ರೆಯಾದರೂ ಆಗಲಿ ಎಂದು ಮಾವನೇ ಕೊನೆಗೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು. ಪೆಟ್ಟು ತಿಂದಷ್ಟೂ ತಾಮ್ರ ಬಿಗಿಯುತ್ತದೆ, ಬಿಗಿದಾಗ ಅದರ ದನಿ ಸಣ್ಣಗಾಗುತ್ತದೆ, ಆಗ ಕುಟ್ಟುವುದು ಬಿಟ್ಟು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ನೀರಿಗದ್ದಿದರೆ ಮತ್ತೆ ಮೆದುವಾಗುತ್ತದೆ, ಇದೇ ಹದ, ಇದನ್ನು ಕಿವಿಯಿಂದಲೇ ತಿಳಿಯಬೇಕು ಎಂದು ಹೇಳಿಕೊಟ್ಟರು. ಅವಳ ಮೊದಲ ಚೆಂಬು ನಿಲ್ಲಲಿಲ್ಲ. ಎರಡನೆಯದು ನಿಂತಿತು, ಆದರೆ ಗುಟ್ಟು ಹೇಳುವವರ ಹಾಗೆ ಒಂದು ಕಡೆಗೆ ವಾಲಿಕೊಂಡು. ಐದನೆಯದು ನೆಟ್ಟಗೆ ನಿಂತ ದಿನ ಅವಳಿಗೆ ಸೌಟಿನ ಮೇಲಿದ್ದ ಅಷ್ಟಿಷ್ಟು ಪ್ರೀತಿಯೂ ಹೊರಟುಹೋಯಿತು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಯಜಮಾನಿ ಒಂದು ಹಂಡೆ ಒಯ್ದವಳು, ಮುದುಕರ ಕೈ ಇನ್ನೂ ಗಟ್ಟಿಯಾಗಿದೆ ಎಂದು ಇನ್ನೆರಡಕ್ಕೆ ಹೇಳಿಹೋದಳು. ಸೊಸೆಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಬಾಗಿಲ ಮೇಲಿನ ಪದವನ್ನು ಅವಳು ಈಗ ಬೇರೆ ಕಣ್ಣಿನಿಂದ ನೋಡತೊಡಗಿದ್ದಳು. ಪಟ್ಟಿ ಇಳಿದರೆ ಮಾವ ಕಳೆದುಕೊಳ್ಳುವುದು ಹೆಸರು, ತಾನು ಕಳೆದುಕೊಳ್ಳುವುದು ಕೈ ಎಂದು ಅವಳಿಗೆ ಗೊತ್ತಿತ್ತು.

ತೊಂದರೆ ಒಂದೇ. ಸದ್ದು ಅಂಗಡಿಯಲ್ಲಿರುವಷ್ಟು ಹೊತ್ತು ಮಾವ ಹೊರಗೆ ಕಾಣಿಸಿಕೊಳ್ಳುವಂತಿರಲಿಲ್ಲ. ನಾಲ್ಕು ಜನರ ನಡುವೆ ಕೂತು ಐದನೆಯವನನ್ನು ಆಡಿಕೊಳ್ಳದಿದ್ದರೆ ಊಟ ಸೇರದ ಮನುಷ್ಯ ಅವರು. ಆರು ತಿಂಗಳು ಹೇಗೋ ತಡೆದರು. ಏಳನೆಯ ತಿಂಗಳಲ್ಲೊಂದು ದಿನ, ಸೊಸೆ ಹಂಡೆಯ ತಳ ಕುಟ್ಟುತ್ತಿದ್ದಾಗ, ಹಿತ್ತಿಲ ಬಾಗಿಲಿನಿಂದ ಬೆಕ್ಕಿನ ಹೆಜ್ಜೆಯಿಟ್ಟು ಹಿಂದಿನ ಗಲ್ಲಿಯ ಕ್ಷೌರದಂಗಡಿಗೆ ಹೋಗಿ ಕುರ್ಚಿಯಲ್ಲಿ ಒರಗಿದರು.

ಅರ್ಧ ಗಂಟೆಯ ಮೇಲೆ ಅವರು ವಾಪಸು ಬಂದಾಗ ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. ಸೊಸೆಯ ಕೈಯ ಸುತ್ತಿಗೆ ತಾನಾಗಿಯೇ ನಿಂತಿತು. ಮಾವ ತಪ್ಪು ಒಪ್ಪಿಕೊಳ್ಳುವ ಮುಂಚೆ ಒಂದು ಲೋಟ ನೀರು ಕೇಳಿದರು. ಆದದ್ದು ಇಷ್ಟು: ಅರ್ಧ ಕ್ಷೌರವಾಗಿದ್ದಾಗ ದೊಡ್ಡಮಾವ ಬರುವುದು ಕಂಡು, ಗುಟ್ಟು ಬಲ್ಲ ಕ್ಷೌರದವನು ಅವರ ಮುಖದ ಮೇಲೆ ಟವೆಲು ಮುಚ್ಚಿದ್ದ. ದೊಡ್ಡಮಾವ ಬಂದು ಬೆಂಚಿನ ಮೇಲೆ ಕೂತಿದ್ದ. ಗೋಡೆಯಾಚೆಯಿಂದ ಢಣ್ ಢಣ್ ಢಣ್ ಟಿಂ ಕೇಳುತ್ತಲೇ ಇತ್ತು. ಕ್ಷೌರದವನು ಅನುಮಾನ ಬಾರದಿರಲೆಂದು, ನಿಮ್ಮ ತಮ್ಮನವರು ಬಿಡುವೇ ಇಲ್ಲದೆ ಕುಟ್ಟುತ್ತಾರಲ್ಲ ಎಂದಿದ್ದ. ಅದಕ್ಕೆ ದೊಡ್ಡಮಾವ, ನಲವತ್ತು ವರ್ಷದಲ್ಲಿ ಮೊದಲ ಸಲ, ಅವನೆದುರಿಗೆ ಹೇಳಬೇಡ, ಆದರೆ ಈಚೆಗೆ ಅವನ ಕೈ ಸುಧಾರಿಸಿದೆ ಎಂದಿದ್ದ.

ಟವೆಲಿನ ಕೆಳಗೆ ಸುಮ್ಮನೆ ಇದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾವ ಟವೆಲು ಕಿತ್ತೆಸೆದು ಎದ್ದು ಕೂತು, "ಸುಧಾರಿಸಿದೆಯಾ? ಹಾಗಾದ್ರೆ ಮೊದಲು ಏನಾಗಿತ್ತಂತೆ ನನ್ನ ಕೈಗೆ?" ಎಂದು ಕೇಳಿದ್ದರು.

ಗೋಡೆಯಾಚೆ ಟಿಂ ಎಂದಿತ್ತು.

"ನಾನೇನ್ಮಾಡ್ಲಮ್ಮ," ಎಂದರು ಮಾವ ಸೊಸೆಯ ಮುಖ ನೋಡದೆ. "ಬೈದಿದ್ರೆ ತಡ್ಕೋತಿದ್ದೆ. ಹೊಗಳಿಬಿಟ್ಟ."

ಮಾರನೆಯ ಬೆಳಿಗ್ಗೆ ದೊಡ್ಡಮಾವ ಬಂದ, ಜೊತೆಗೆ ಕಲಾಯಿ ಅಜ್ಜ, ಮೀಸೆಯವರು, ಒಂದು ಏಣಿ. ದೊಡ್ಡಮಾವ ಯಾರನ್ನೂ ಬೈಯಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. ಏಳು ತಿಂಗಳಿಂದ ಈ ಅಂಗಡಿ ಸುಮ್ಮನಿದೆ, ಕೇಳಿದ್ದು ಕಳ್ಳ ಸದ್ದು ಎಂದ. ಕಳ್ಳತನವಾದರೆ ಕಳೆದುಕೊಂಡವರು ದೂರು ಕೊಡಬೇಕಲ್ಲ, ಮಾವ ಕೊಟ್ಟಿಲ್ಲವಲ್ಲ ಎಂದಳು ಸೊಸೆ. ಕಲಾಯಿ ಅಜ್ಜ ಕಿಸಕ್ಕೆಂದು, ಅದನ್ನು ಕೆಮ್ಮಾಗಿ ಬದಲಾಯಿಸಿಕೊಂಡ. ಹೆಂಗಸರಿಗೆ ಪಟ್ಟಿ ಕೊಟ್ಟ ಉದಾಹರಣೆ ಇಲ್ಲ ಎಂದರು ಮೀಸೆಯವರು. ಕೊಡಬಾರದು ಎಂಬ ಉದಾಹರಣೆಯೂ ಇಲ್ಲವಲ್ಲ, ಯಾರೂ ಕೇಳೇ ಇಲ್ಲ ಎಂದರು ಅತ್ತೆ ಒಳಗಿನಿಂದ.

ಕೊನೆಗೆ ದೊಡ್ಡಮಾವ ಹೇಳಿದ: "ನೋಡಮ್ಮ, ಇವತ್ತೇ ಕೂತ್ಕೋ. ಸದ್ದು ನಿಂದಾದ್ರೆ ಪಟ್ಟಿ ನಿಂದು. ಅದರಲ್ಲಿ ಇನ್ನೊಬ್ಬರು ಕೇಳಿಸಿದ್ರೆ ಸುತ್ತಿಗೆ ಕೆಳಗಿಟ್ಟು ಒಳಗೆ ಹೋಗ್ಬೇಕು. ಮತ್ತೆ ಮುಟ್ಟೋ ಹಾಗಿಲ್ಲ."

ಮೂವರೂ ಗೋಡೆಗೆ ಮುಖ ಮಾಡಿ ಕೂತರು. ಮಾವನನ್ನು ಅತ್ತೆ ಅಡುಗೆಮನೆಗೆ ಎಳೆದೊಯ್ದು, ಕೆಮ್ಮಿದರೂ ಸುಳಿವು ಕೊಟ್ಟಂತಾಗುತ್ತದೆಂದು ಬಾಯಿಗೆ ಬೀಗ ಹಾಕಿಸಿದರು. ಸೊಸೆ ತಟ್ಟೆಯಗಲದ ದುಂಡು ತಗಡನ್ನು ಕಾಯಿಸಿ, ಅದ್ದಿ, ಅಡಿಗಲ್ಲಿಗೆ ಕೊಟ್ಟು ಸುತ್ತಿಗೆ ಎತ್ತಿದಳು.

ಢಣ್, ಢಣ್, ಢಣ್, ಟಿಂ.

"ಇದು ನಮ್ಮ ತಮ್ಮಂದು," ಎಂದ ದೊಡ್ಡಮಾವ ಗೋಡೆಗೆ.

ಬೆವರು ಒರೆಸಿಕೊಂಡು ಲಯ ಬದಲಿಸಿದಳು. ಟಣ್-ಟಣ್-ಟಣ್-ಟಣ್. ಕಲಾಯಿ ಅಜ್ಜ ದೊಡ್ಡಮಾವನ ಮೊಣಕೈ ತಿವಿದು ಇದು ನಿಂದೇ ಕಣೋ ಎಂದ. ಅದನ್ನೂ ಬಿಟ್ಟಳು. ಒಂದು ಪೆಟ್ಟು ಹಾಕಿ, ಮುಂದೇನು ಎಂದು ಯೋಚಿಸುತ್ತ ತಡೆದಳು. ಅಷ್ಟರಲ್ಲಿ ಗೋಡೆಯ ಬಳಿ ಮೀಸೆಯವರ ಕೈ ತಂತಾನೇ ಮೀಸೆಗೆ ಹೋಗಿತ್ತು. ಏಳು ತಿಂಗಳು ಬೇರೆಯವರ ಕೈಯಲ್ಲಿ ಕುಟ್ಟಿದವಳಿಗೆ ತನ್ನ ಕೈ ಎಲ್ಲಿಟ್ಟಿದ್ದೇನೆಂದೇ ಮರೆತುಹೋಗಿತ್ತು. ಹುಡುಕಿದಷ್ಟೂ ಪಕ್ಕದ ಮನೆಯವರೇ ಸಿಗುತ್ತಿದ್ದರು.

ಹೆದರಿಕೆ ಹೆಚ್ಚಾದಾಗ ಕೆಲವರು ಅಳುತ್ತಾರೆ. ಸೊಸೆಗೆ ಚೇಷ್ಟೆ ಹತ್ತುತ್ತಿತ್ತು. ಹೇಗೂ ಮುಳುಗಿದ್ದಾಯಿತು ಎಂದು ಅವಳು ಉಳಿದ ಅಂಗಡಿಗಳನ್ನೂ ಒಂದೊಂದಾಗಿ ಎಬ್ಬಿಸಿದಳು. ಶಿಕ್ಷೆ ಕೊಡಲು ಬಂದವರು ಗೋಡೆಗೆ ಹಣೆ ಹಚ್ಚಿಕೊಂಡು ಭುಜ ಕುಣಿಸಿ ನಗತೊಡಗಿದರು. ಇವನ್ಯಾರು ಹೇಳು, ಅವನನ್ನು ಮಾಡು ಎಂದು ಶುರುವಾಯಿತು. ತಗಡು ಕೂಡ ಈ ಗದ್ದಲದಲ್ಲಿ ನಿಧಾನವಾಗಿ ಬಟ್ಟಲಾಗಿ, ಬಟ್ಟಲಿನಿಂದ ಚೆಂಬಾಗಿ ಏಳುತ್ತಿತ್ತು. ಎರಡು ಸಲ ನೆನಪಿಟ್ಟು ಕಾಯಿಸಿ ಹದಕ್ಕೆ ತಂದಳು.

ಆಗ ಕಲಾಯಿ ಅಜ್ಜ ದೊಡ್ಡಮಾವನ ಅಪ್ಪನ ಸದ್ದು ಬರುತ್ತದೆಯೇ ಎಂದು ಕೇಳಿದ. ಅವರು ಹೋಗಿ ನಲವತ್ತು ವರ್ಷ, ಅವಳು ಕೇಳಿರುವುದು ಹೇಗೆ ಎಂದು ದೊಡ್ಡಮಾವ ಗದರಿದ. ಸೊಸೆ ಕೇಳಿರಲಿಲ್ಲ ನಿಜ. ಆದರೆ ಬಚ್ಚಲಿನ ಹಳೆಯ ಹಂಡೆ ಅವರು ಕುಟ್ಟಿದ್ದು. ಮೂರು ವರ್ಷದಿಂದ ಅದನ್ನು ತಿಕ್ಕುತ್ತಿದ್ದವಳ ಬೆರಳಿಗೆ ಅದರ ಮೈಯೆಲ್ಲ ಬಾಯಿಪಾಠ: ಒತ್ತೊತ್ತಾಗಿ ಎರಡು ಆಳದ ಗುಳಿ, ಪಕ್ಕದಲ್ಲಿ ಜಾರಿದಂತೆ ಒಂದು ಓರೆ ಗುರುತು. ಅದನ್ನೇ ಓದಿದಳು. ಧಣ್-ಧಣ್, ಜರ್-ಟಣ್.

ದೊಡ್ಡಮಾವನ ಬೆನ್ನು ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗನದಂತೆ ನೆಟ್ಟಗಾಯಿತು.

"ಇನ್ನೊಂದ್ಸಲ," ಎಂದ.

ಕುಟ್ಟಿದಳು. ಇನ್ನೊಂದ್ಸಲ ಎಂದ. ತಾಮ್ರದ ದನಿ ಸಣ್ಣಗಾಯಿತು. ಅವಳಿಗೆ ಕೇಳಿಸಿತು, ಅಡುಗೆಮನೆಯ ಮಾವನಿಗೆ ಕೇಳಿಸಿತು, ಗೋಡೆಯ ಮೂವರಿಗೂ ಕೇಳಿಸಿತು. ಆ ದನಿ ಕೇಳಿದರೆ ನಿದ್ದೆಯಲ್ಲೂ ಸುತ್ತಿಗೆ ಕೆಳಗಿಡುವ ಜನ ಅವರು. ಆದರೆ ಮೂವರೂ ಆ ಹೊತ್ತಿನಲ್ಲಿ ನಲವತ್ತು ವರ್ಷ ಹಿಂದಿದ್ದರು, ಮತ್ತು ಎಷ್ಟೋ ಹೊತ್ತಿನ ಮೇಲೆ ಅವಳನ್ನು ಯಾರೋ ಬೇಕು ಎನ್ನುತ್ತಿದ್ದರು. ಮತ್ತೊಂದು ಸಲ ಎತ್ತಿ ಹೊಡೆದಳು. ಚರ್ ಎಂದು, ಬಟ್ಟೆ ಹರಿದಂತೆ, ಅಂಚಿನಿಂದ ಬೆರಳುದ್ದ ಸೀಳಿತು.

ಬೀದಿಯ ಉಳಿದ ಅಂಗಡಿಗಳಲ್ಲೂ ಸುತ್ತಿಗೆಗಳು ನಿಂತವು. ಆ ಸದ್ದಿನ ಪರಿಚಯ ಎಲ್ಲರಿಗೂ ಇತ್ತು.

ದೊಡ್ಡಮಾವ ಮೆಲ್ಲಗೆ ಹೇಳಿದ: "ಅಪ್ಪನೇ. ಮೂರಕ್ಕೊಂದು ಹೀಗೇ ಒಡೀತಿದ್ದ. ಮನೆಯಿಂದಾಚೆ ಯಾರಿಗೂ ಹೇಳಿರ್ಲಿಲ್ಲ ನಾವು." ಆಮೇಲೆ ಮೂಗು ಸೀಟಿಕೊಂಡು ಮತ್ತೆ ಹಿರಿಯನಾದ. ಒಡೆದದ್ದು ಒಡೆದದ್ದೇ, ಇಷ್ಟು ಹೊತ್ತು ಕೇಳಿದ್ದರಲ್ಲಿ ಒಂದೂ ನಿನ್ನದಲ್ಲ, ಸುತ್ತಿಗೆ ಕೆಳಗಿಡಮ್ಮ ಎಂದ.

"ಒಡೆದದ್ದು ನಿಮ್ಮಪ್ಪ, ದೊಡ್ಡಮಾವ," ಎಂದಳು ಸೊಸೆ. "ನನ್ನ ಸರದಿ ಇನ್ನೂ ಬಂದಿಲ್ಲ. ಬಿಸಿಲು ಇನ್ನೂ ಹೊಸಿಲ ಮೇಲಿದೆ. ತಿರುಗಬೇಡಿ."

ಅವಳ ದನಿಯಲ್ಲಿ ಅಣಕವಿರಲಿಲ್ಲ. ಮೂವರೂ ಅರ್ಧ ತಿರುಗಿದ್ದ ಕತ್ತನ್ನು ವಾಪಸು ತೆಗೆದುಕೊಂಡರು.

ಸೀಳಿದ ಚೆಂಬನ್ನು ಬೀದಿಯ ಬೇರೆ ಯಾರೇ ಆಗಿದ್ದರೂ ಬೆಸೆದು, ಉಜ್ಜಿ, ಏನೂ ಆಗಿಲ್ಲವೆಂಬಂತೆ ಮಾಡುತ್ತಿದ್ದರು. ಅದಕ್ಕೆ ಒಂದು ದಿನ ಬೇಕು. ಅವಳ ಬಳಿ ಒಂದು ಹೊಸಿಲಿನಷ್ಟು ಬಿಸಿಲಿತ್ತು. ತಗಡು ಕತ್ತರಿಸುವ ಕತ್ತರಿ ತೆಗೆದುಕೊಂಡು ಸೀಳಿನ ಕೊನೆಗೆ ಗುರಿಯಿಟ್ಟು, ಚೆಂಬಿನ ಅಂಚನ್ನು ಸುತ್ತಲೂ ಎರಡು ಬೆರಳಗಲ ಕತ್ತರಿಸಿ ಎಸೆದಳು. ಕತ್ತರಿಯ ಸದ್ದಿಗೆ ಕಲಾಯಿ ಅಜ್ಜ, ತನ್ನ ಜುಟ್ಟನ್ನೇ ಯಾರೋ ಕತ್ತರಿಸಿದರೆಂಬಂತೆ, ಕೂದಲಿಲ್ಲದ ತಲೆ ಹಿಡಿದುಕೊಂಡ. ಎಬ್ಬಿಸಿದ ಪಾತ್ರೆಯನ್ನು ಹೀಗೆ ಗಿಡ್ಡ ಮಾಡುವ ನಾಚಿಕೆಗೇಡಿತನ ಆ ಬೀದಿ ಕಂಡಿರಲಿಲ್ಲ.

ಕಾಯಿಸಿದಳು. ನೀರಿಗದ್ದಿದಳು, ಚುಂಯ್ ಎಂದಿತು. ಕುಟ್ಟಿದಳು. ಈಗ ಯಾರ ಹಾಗೆ ಎಂದು ಯೋಚಿಸಲು ಪುರುಸೊತ್ತಿರಲಿಲ್ಲ. ಕುತ್ತಿಗೆಗೆ ಉಳಿದ ತಾಮ್ರ ಸಾಲದು, ಇದ್ದಷ್ಟನ್ನು ಹೊರಕ್ಕೆ ಮಗುಚಬೇಕು, ಎಡಗಡೆ ದಪ್ಪವಿದೆ, ಬಲಗಡೆ ತೆಳ್ಳಗಿದೆ. ಎರಡು ಚುರುಕು ಪೆಟ್ಟು, ತಿರುಗಿಸಿ ನೋಡುವುದು, ಬಾಯೊಳಗೇ ಬೈಯುವುದು, ಒಂದು ಪೆಟ್ಟು, ಇನ್ನೊಮ್ಮೆ ನೋಡುವುದು, ಸಿಟ್ಟು ಬಂದರೆ ಒಟ್ಟಿಗೆ ಐದು. ದನಿ ಸಣ್ಣಗಾಗುವ ಮೊದಲೇ ಕುಲುಮೆಗೆ. ಮತ್ತೆ ಟಕ್-ಟಕ್, ನಿಲ್ಲು, ಟಣ್.

ಗೋಡೆಯ ಬಳಿ ಗುಸುಗುಸು ಎದ್ದಿತು. ಇದು ಊರು ಬಿಟ್ಟು ಹೋದ ನಿಮ್ಮ ಚಿಕ್ಕಪ್ಪನದಲ್ಲವೇ ಎಂದ ಕಲಾಯಿ ಅಜ್ಜ. ಚಿಕ್ಕಪ್ಪ ಎಂದೂ ಐದು ಹೊಡೆದವನಲ್ಲ, ಮೂರಕ್ಕೇ ನಿದ್ದೆ ಹೋಗುತ್ತಿದ್ದ ಎಂದರು ಮೀಸೆಯವರು. ನಿಮ್ಮ ತಾತ ಇರಬಹುದು ಎಂದ ಅಜ್ಜ. ನನ್ನ ತಾತನ ಸುದ್ದಿಗೆ ಬರಬೇಡ ಎಂದರು ಮೀಸೆಯವರು. ಸತ್ತವರು, ಇದ್ದವರು, ಓಡಿಹೋದವರು ಎಲ್ಲರನ್ನೂ ಒಂದು ಸುತ್ತು ಕರೆದು ನೋಡಿದರು, ಯಾರೂ ಓಗೊಡಲಿಲ್ಲ. ದೊಡ್ಡಮಾವ ಮಾತ್ರ ಬಲಗಿವಿಯನ್ನು ಹಿಂದಕ್ಕೆ ಕೊಟ್ಟು ಕೂತಿದ್ದ.

ಬಿಸಿಲು ಹೊಸಿಲು ದಾಟುವ ಹೊತ್ತಿಗೆ ಸೊಸೆ ಸುತ್ತಿಗೆ ಕೆಳಗಿಟ್ಟು ಇನ್ನು ತಿರುಗಬಹುದು ಎಂದಳು.

ಅಡಿಗಲ್ಲಿನ ಮೇಲೆ ಒಂದು ಕುಳ್ಳ ಚೆಂಬು ನಿಂತಿತ್ತು. ಹೊಟ್ಟೆ ದುಂಡಗೆ, ಬಾಯಿ ಅಗಲ, ಕುತ್ತಿಗೆ ಹೆಸರಿಗೆ ಮಾತ್ರ. ದೊಡ್ಡಮಾವ ಅದನ್ನೆತ್ತಿ ಬೆಳಕಿಗೆ ಹಿಡಿದು, ಮೈ ಸವರಿ, ಕುತ್ತಿಗೆ ಎಲ್ಲಮ್ಮ ಇದಕ್ಕೆ ಎಂದು ಗೊಣಗಿದ. ಅಷ್ಟರಲ್ಲಿ ಅಡುಗೆಮನೆಯಿಂದ ಬಂದ ಅತ್ತೆ ಅದನ್ನು ಅವನ ಕೈಯಿಂದ ತೆಗೆದುಕೊಂಡು, ಬಳೆ ಮೇಲೆ ಸರಿಸಿ, ಮಣಿಕಟ್ಟಿನವರೆಗೆ ಕೈ ಒಳಗೆ ಹಾಕಿ ಸುತ್ತಲೂ ಆಡಿಸಿದರು.

"ನಾಲ್ಕು ತಲೆಮಾರು ಕುಟ್ಟಿದಿರಿ," ಎಂದರು ಅವರು. "ತೊಳೆಯೋಕೆ ಕೈ ಹೋಗೋ ಚೆಂಬು ಇವತ್ತು ಬಂತು ನೋಡಿ."

ಮೂವರು ಹಿರಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚೆಂಬನ್ನು ಯಾರೋ ತೊಳೆಯುತ್ತಾರೆ ಎಂಬ ವಿಷಯ ಅವರ ಕಿವಿಗೆ ಆ ದಿನವೇ ಬಿದ್ದಂತಿತ್ತು. ಅಂಚು ಕತ್ತರಿಸಿದ್ದು ನಿಯಮಕ್ಕೆ ಹೊಂದುತ್ತದೆಯೇ ಎಂದು ಮೀಸೆಯವರು ಶುರು ಮಾಡಿದರು. ನಿಯಮ ಕಿವಿಯದು, ಕತ್ತರಿಯದಲ್ಲ ಎಂದು ದೊಡ್ಡಮಾವ ಬಾಯಿ ಮುಚ್ಚಿಸಿದ. ಆಮೇಲೆ ಸೊಸೆಯ ಕಡೆ ತಿರುಗಿ, ಹಲ್ಲುನೋವಿದ್ದವನಂತೆ ಮುಖ ಮಾಡಿಕೊಂಡು ಹೇಳಿದ: "ಒಡೆಯೋ ತನಕ ಕೇಳಿದ್ದು ಬಿಟ್ಟುಬಿಡೋಣ. ಆಮೇಲಿನದು ಯಾರದೂ ಅಲ್ಲ. ಬೇರೆಯವರದಾಗಿರ್ಲಿ ಅಂತ ಬಹಳ ಪ್ರಯತ್ನಪಟ್ಟೆ, ಆಗ್ಲಿಲ್ಲ. ಹೋಗು, ನಿನ್ನ ಪಟ್ಟಿ ನೀನೇ ಕುಟ್ಕೋ."

ಪಟ್ಟಿಯಲ್ಲಿ ಚೆಂಬುಕುಟಿಗಿತ್ತಿ ಎಂದು ಕೊರೆಯಬೇಕಾಗುತ್ತದಲ್ಲ, ಅಂಗೈ ಅಗಲದಲ್ಲಿ ಹಿಡಿಸುತ್ತದೆಯೇ ಎಂದು ಮಾವ ಏಳು ತಿಂಗಳ ಮೇಲೆ ಬೀದಿಗೆ ಬಂದು ಜೋರಾಗಿ ಕೇಳಿದರು. ಹಿಡಿಸದಿದ್ದರೆ ಪಟ್ಟಿ ದೊಡ್ಡದು ಮಾಡಿಕೊಳ್ಳಲಿ, ತಾಮ್ರಕ್ಕೇನು ಬರವೇ ಎಂದ ಕಲಾಯಿ ಅಜ್ಜ.

ಅವರೆಲ್ಲ ಹೋದ ಮೇಲೆ ಸೊಸೆ ಕೈಕಾಲು ಚಾಚಿ ಕಂಬಕ್ಕೆ ಒರಗಿದಳು. ಎದುರಂಗಡಿಯ ಬಾಗಿಲು ಓರೆಯಾಗಿತ್ತು. ಒಳಗಿನಿಂದ ಮೆಲ್ಲಗೆ, ಯಾರಿಗೂ ಕೇಳಬಾರದೆಂಬಂತೆ, ಸದ್ದು ಬಂತು. ಟಣ್-ಟಣ್. ತಡೆ. ಟಣ್. ಇನ್ನೂ ತಡೆ. ಆಮೇಲೆ ತಡೆಯಲಾರದೆ ಟಣ್-ಟಣ್-ಟಣ್-ಟಣ್, ಮನೆ ಖಾಲಿ ಮಾಡಿ ಎನ್ನುವ ಯಜಮಾನ ಹೊರಬಿದ್ದುಬಿಟ್ಟ. ಒಂದು ಬೈಗುಳ. ಮತ್ತೆ ಮೊದಲಿನಿಂದ.

ಮಾವ ಬಾಯಿಗೆ ಪಂಚೆಯ ಅಂಚು ತುರುಕಿಕೊಂಡು ನಗುತ್ತಿದ್ದರು. ಸೊಸೆ ಕಿವಿಗೊಟ್ಟು ಮೂರು ಸಲ ಕೇಳಿದಳು. ನಾಲ್ಕನೆಯ ಸಲಕ್ಕೆ ಎದ್ದು ಹೊಸಿಲಿಗೆ ಹೋಗಿ, ಬೀದಿಯಾಚೆಗೆ ದನಿ ಹಾಕಿದಳು.

"ದೊಡ್ಡಮಾವ, ತಿರುಗಿಸಿ ನೋಡೋದು ಮರೀತಿದ್ದೀರಿ."

ಎದುರಂಗಡಿಯ ಬಾಗಿಲು ಪೂರ್ತಿ ಮುಚ್ಚಿಕೊಂಡಿತು. ಅದರ ಹಿಂದಿನಿಂದ ಸ್ವಲ್ಪ ಹೊತ್ತಿನ ಮೇಲೆ ಟಕ್-ಟಕ್ ಎಂದಿತು, ನಿಂತಿತು, ಮತ್ತು ಬಹಳ ಹೊತ್ತು ಏನೂ ಕೇಳಲಿಲ್ಲ. ತಿರುಗಿಸಿ ನೋಡುತ್ತಿದ್ದಿರಬೇಕು.